ಮಡತ್ತುಕುಳಂನ ಬೀದಿಯಲ್ಲಿ ಅಮೆರಿಕದ ಆಟಗಾರರು

ಉಡುಮಲೈಪೇಟೆಯಿಂದ ಪಳನಿ ಕಡೆ ಹೋಗುವ ಬಸ್ಸು ತೆಂಗಿನ ತೋಟಗಳ ನಡುವೆ ಒಂದಿಷ್ಟು ಹೊತ್ತು ಓಡಿದರೆ ಮಡತ್ತುಕುಳಂ ಸಿಗುತ್ತದೆ. 2009ರಲ್ಲಿ ತಿರುಪ್ಪೂರು ಜಿಲ್ಲೆಯಾಗುವವರೆಗೂ ಇದು ಕೊಯಮತ್ತೂರು ಜಿಲ್ಲೆಯ ಊರು. ಈಗ ತಾಲ್ಲೂಕು ಕೇಂದ್ರ. ಪಕ್ಕದಲ್ಲೇ ಅಮರಾವತಿ ಹೊಳೆ. 1957ರಲ್ಲಿ ಕಟ್ಟಿದ ಅಣೆಕಟ್ಟನ್ನು ದಾಟಿ ಬಂದು, ಇಲ್ಲಿನ ಭತ್ತ ಕಬ್ಬುಗಳಿಗೆ ನೀರುಣಿಸಿ, ಕರೂರಿನ ಬಳಿ ನಮ್ಮ ಕಾವೇರಿಯನ್ನೇ ಸೇರುತ್ತದೆ. ಹೊಳೆದಂಡೆಯ ಕಡತ್ತೂರಿನಲ್ಲಿ ಹಳೆಯ ಅರ್ಜುನೇಶ್ವರ ದೇವಸ್ಥಾನವಿದೆ, ಕೃಷ್ಣಾಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಎರಡನ್ನೂ ನೋಡಬೇಕು. ಆದರೆ ಬಸ್ ಸ್ಟ್ಯಾಂಡಿನಿಂದ ಹೊಳೆಯ ಸೇತುವೆಯವರೆಗೆ ನಡೆಯುವಾಗ ನನ್ನ ಕಣ್ಣು ಎದುರು ಬರುವವರ ಅಂಗಿಗಳ ಮೇಲೇ ನಿಂತಿತು.

ನ್ಯೂಯಾರ್ಕ್ ಯಾಂಕೀಸ್ ತಂಡದ ಗುರುತಿನ ಟೋಪಿ ಹಾಕಿದವರು ಎಳನೀರು ಕೆತ್ತುತ್ತಿದ್ದರು. ಶಿಕಾಗೋ ಬುಲ್ಸ್ ತಂಡದ ಕೆಂಪು ಗೂಳಿ, ಬೆನ್ನಿಗೆ 23 ಎಂಬ ಅಂಕಿ ಇದ್ದ ಬನಿಯನ್ ತೊಟ್ಟ ಹುಡುಗ ಸೈಕಲ್ ತುಳಿಯುತ್ತಿದ್ದ. ಇದರಲ್ಲಿ ಅಚ್ಚರಿಯಿಲ್ಲ. ತಿರುಪ್ಪೂರು ನಗರ ಇದೇ ಜಿಲ್ಲೆಯದು. ಭಾರತದಿಂದ ಹೊರದೇಶಕ್ಕೆ ಹೋಗುವ ಹೆಣಿಗೆ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಹೋಗುತ್ತದೆ, ದೊಡ್ಡ ಗಿರಾಕಿ ಅಮೆರಿಕವೇ. ಸಣ್ಣ ತಪ್ಪಿನಿಂದ ವಾಪಸಾದ ಮಾಲು, ಆರ್ಡರಿಗಿಂತ ಹೆಚ್ಚು ಹೊಲಿದ ಮಾಲು ಸಂತೆಗೆ ಬರುತ್ತದೆ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಮಾಲಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಬನಿಯನ್ ಕಂಪನಿಗಳ ಹೊಲಿಗೆ ಯಂತ್ರಗಳ ಮುಂದೆ ಕೂರುವವರಿಗೆ ಅದರ ಬಿಸಿ ಕೂಡಲೇ ತಟ್ಟಿತು. ಅಮೆರಿಕ ಈ ಸೀಮೆಗೆ ಅಷ್ಟು ಹತ್ತಿರ. ಅಲ್ಲಿನ ಆಟಗಾರರು ಮಾತ್ರ ಹತ್ತಿರವಿಲ್ಲ.

ಟೀ ಅಂಗಡಿಯಲ್ಲಿ ನಾನು ಫೋನಿನಲ್ಲಿ ಮಾತಾಡಿದ ಕನ್ನಡ ಕೇಳಿ ಸೈಕಲ್ ಹುಡುಗ ಹತ್ತಿರ ಬಂದ. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗರು ತಲೆತಲಾಂತರದಿಂದ ಇದ್ದಾರೆ. ಇವನೂ ನೇಕಾರರ ಮನೆಯವನು. ಬೆನ್ನಿನ ಮೇಲಿನ 23 ಯಾರದು, ಮೈಕೆಲ್ ಜೋರ್ಡಾನ್ ಗೊತ್ತೇ ಎಂದು ಕೇಳಿದೆ.

“ಜೋರ್ಡಾನ್ ಅಂದ್ರೆ ಶೂ ಅಲ್ವಾ ಅಣ್ಣಾ?” ಅಂದ.

ಬ್ಯಾಸ್ಕೆಟ್‌ಬಾಲಿನಲ್ಲಿ ಆರು ಸಲ ಚಾಂಪಿಯನ್, 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಜಗತ್ತೇ ಕಣ್ಣರಳಿಸಿ ನೋಡಿದ ತಂಡದ ತಾರೆ. ಅಷ್ಟು ದೊಡ್ಡ ಹೆಸರು ಇಲ್ಲಿಗೆ ಬರುವಷ್ಟರಲ್ಲಿ ಕಾಲಿಗೆ ಹಾಕುವ ವಸ್ತುವಾಗಿತ್ತು. ಜೋರ್ಡಾನನ ಪಾಡೇ ಹೀಗಾದರೆ ಉಳಿದವರದ್ದೇನು? ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆದ್ದ ಟಾಮ್ ಬ್ರೇಡಿ ಅಮೆರಿಕದಲ್ಲಿ ಮನೆಮಾತು. 2025ರ ಸೂಪರ್ ಬೌಲನ್ನು ಆ ದೇಶದಲ್ಲಿ 12 ಕೋಟಿಗೂ ಹೆಚ್ಚು ಜನ ನೋಡಿದರು. ಆ ಪಂದ್ಯ ಶುರುವಾಗುವುದು ನಮ್ಮ ಸೋಮವಾರ ಬೆಳಗಿನ ಐದು ಗಂಟೆಗೆ. ಆ ಹೊತ್ತಿಗೆ ಮಡತ್ತುಕುಳಂನಲ್ಲಿ ಎದ್ದವರು ಹಾಲು ಕರೆಯುತ್ತಿರುತ್ತಾರೆ.

ಊರಂಚಿನ ಮೈದಾನಕ್ಕೆ ಬಂದಾಗ ಮಾತ್ರ ವಿಷಯದ ಇನ್ನೊಂದು ಮಗ್ಗುಲು ಕಂಡಿತು. ಎರಡು ಕಂಬ, ನಡುವೆ ಜೋತುಬಿದ್ದ ಬಲೆ, ಬರಿಗಾಲಿನಲ್ಲಿ ವಾಲಿಬಾಲ್ ಆಡುವ ಹುಡುಗರು. ಇದು ಅಪ್ಪಟ ಅಮೆರಿಕದ ಆಟ. 1895ರಲ್ಲಿ ಮ್ಯಾಸಚೂಸೆಟ್ಸಿನ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಇದನ್ನು ಕಟ್ಟಿದ. ಅದಕ್ಕೆ ನಾಲ್ಕು ವರ್ಷ ಮೊದಲು, ಅಲ್ಲೇ ಹತ್ತಿರದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲನ್ನು ಹುಟ್ಟಿಸಿದ್ದ. ಆ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಮದ್ರಾಸಿಗೆ ಬಂದು 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದ. ಅಲ್ಲಿ ತಯಾರಾದ ಮೇಷ್ಟರುಗಳು ದಕ್ಷಿಣದ ಶಾಲೆ ಶಾಲೆಗೂ ಹೋದರು. ನಮ್ಮ ಮಂಡ್ಯ, ಹಾಸನದ ಹಳ್ಳಿಗಳಲ್ಲೂ ಸಂಜೆ ಬಲೆ ಕಟ್ಟುವುದರ ಹಿಂದೆ ಇಂಥ ಪಿ.ಟಿ. ಮೇಷ್ಟರುಗಳ ದುಡಿಮೆಯಿದೆ. ಮೈದಾನದ ಹುಡುಗರಿಗೆ ಅಮೆರಿಕದ ಒಬ್ಬ ವಾಲಿಬಾಲ್ ಆಟಗಾರನ ಹೆಸರೂ ಗೊತ್ತಿರಲಿಲ್ಲ. ಆಟ ಅವರದ್ದೇ ಆಗಿಬಿಟ್ಟಿದೆ. ನನ್ನ ಮಟ್ಟಿಗೆ ಯಾವ ತಾರೆಯ ಖ್ಯಾತಿಗಿಂತಲೂ ಇದು ದೊಡ್ಡದು.

ಪಳನಿ ರಸ್ತೆಗೆ ಮರಳಿದೆ. ತೈಪೂಸದ ಕಾಲದಲ್ಲಿ ಕಾವಡಿ ಹೊತ್ತವರು ನಡೆದುಹೋಗುವ ದಾರಿ ಇದು. ಪಳನಿಯ ಮುರುಗನ ಹೆಸರು ಮಲೇಷ್ಯಾದ ಬಾಟು ಗುಹೆಗಳಿಗೆ, ಸಿಂಗಪುರಕ್ಕೆ, ಮಾರಿಷಸ್ಸಿಗೆ ಹೋದದ್ದು ಯಾವ ಟಿ.ವಿ.ಯಿಂದಲೂ ಅಲ್ಲ, ತೋಟಗಳಿಗೆ ದುಡಿಯಲು ಹೋದ ತಮಿಳರು ಜೊತೆಗೇ ಒಯ್ದರು. ಆಟದ ಖ್ಯಾತಿಯೂ ಹೀಗೆ ಹೊತ್ತು ನಡೆಯುವವರಿದ್ದರೆ ಮಾತ್ರ ಗಡಿ ದಾಟುತ್ತದೆ. 1872ರಲ್ಲಿ ಹೊರೇಸ್ ವಿಲ್ಸನ್ ಎಂಬ ಅಮೆರಿಕನ್ ಮೇಷ್ಟರು ಟೋಕಿಯೋದ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಕಲಿಸಿದ್ದರಿಂದ ಆ ಆಟ ಜಪಾನಿನಲ್ಲಿ ಬೇರು ಬಿಟ್ಟಿತು. ನಮ್ಮಲ್ಲಿಗೆ ಬಂದವರು ಇಂಗ್ಲಿಷರು, ಕೈಗೆ ಕ್ರಿಕೆಟ್ ಬ್ಯಾಟು ಕೊಟ್ಟರು.

ಇಲ್ಲಿಗೆ ತಲುಪದ ಅಮೆರಿಕದ ಆಟಗಾರರ ನಡುವೆ ಹೊರತಾದವರೂ ಇದ್ದಾರೆ. ಟೀ ಅಂಗಡಿಯ ಹಿರಿಯರಿಗೆ ಮುಹಮ್ಮದ್ ಅಲಿ ಚೆನ್ನಾಗಿ ಗೊತ್ತು. 1980ರಲ್ಲಿ ಅಲಿ ಮದ್ರಾಸಿಗೆ ಬಂದು ಪ್ರದರ್ಶನ ಪಂದ್ಯವಾಡಿದರು, ಎಂಜಿಆರ್ ಪಕ್ಕದಲ್ಲಿ ನಿಂತರು. ಮುಷ್ಟಿ ಕಾಳಗಕ್ಕೆ ಯಾರೂ ನಿಯಮ ವಿವರಿಸಬೇಕಿಲ್ಲ. ಜೊತೆಗೆ ಅಲಿ ತನ್ನ ದೊಡ್ಡ ಕಾದಾಟಗಳನ್ನು 1974ರಲ್ಲಿ ಕಿನ್ಶಾಸಾಗೆ, 1975ರಲ್ಲಿ ಮನಿಲಾಗೆ ಒಯ್ದವರು. ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಎಂದು ಪಟ್ಟವನ್ನೇ ಕಳೆದುಕೊಂಡವರು. ಅವರನ್ನು ಜಗತ್ತು ತನ್ನವನೆಂದುಕೊಂಡಿತು. 1990ರ ದಶಕದಲ್ಲಿ ಶಾಲೆಯಲ್ಲಿದ್ದವರನ್ನು ಕೇಳಿದರೆ ಅಮೆರಿಕದ ಕುಸ್ತಿ ತಾರೆ ಅಂಡರ್‌ಟೇಕರನ ಎತ್ತರ ತೂಕ ಬಾಯಿಪಾಠ. ಕೇಬಲ್ ಟಿ.ವಿ. ಮತ್ತು ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡುಗಳು ಮಾಡಿದ ಕೆಲಸ ಅದು.

ಈಗ ಹಾದಿ ತಿರುಗಿದೆ. ಸೈಕಲ್ ಹುಡುಗನಿಗೆ ಅಮೆರಿಕದ ಯಾವ ಆಟಗಾರ ಗೊತ್ತು ಎಂದು ಕೇಳಿದರೆ ಪಾಕಿಸ್ತಾನವನ್ನು ಸೋಲಿಸಿದ ಕ್ರಿಕೆಟ್ ತಂಡ ಎಂದ. 2024ರ ಜೂನ್ 6ರಂದು ಡಲ್ಲಾಸ್ ಬಳಿ ನಡೆದ ಟಿ20 ವಿಶ್ವಕಪ್ ಪಂದ್ಯ, ಸೂಪರ್ ಓವರಿನಲ್ಲಿ ಗೆಲುವು. ಸೂಪರ್ ಓವರ್ ಎಸೆದದ್ದು ಮುಂಬೈಯ ಸೌರಭ್ ನೇತ್ರಾವಳ್ಕರ್ ಎಂದೂ ಅವನೇ ಹೇಳಿದ. ಅದೇ ಪಂದ್ಯದಲ್ಲಿ 30 ರನ್ನಿಗೆ 3 ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನಮ್ಮ ಚಿಕ್ಕಮಗಳೂರು ಕಡೆಯ ಮನೆತನದವರು, ನೊಸ್ತುಷ್ ಕೆಂಜಿಗೆ ಎಂದೆ. ಹುಟ್ಟಿದ್ದು ಅಲಬಾಮಾದಲ್ಲಿ, ಬೆಳೆದದ್ದು ಕರ್ನಾಟಕದಲ್ಲಿ, ಆಡಿದ್ದು ಅಮೆರಿಕಕ್ಕೆ. ಅವರು ಅಂದು ಬೌಲ್ ಮಾಡಿದ ಗ್ರ್ಯಾಂಡ್ ಪ್ರೇರಿ ಸ್ಟೇಡಿಯಂ ಮೊದಲು ಬೇಸ್‌ಬಾಲ್ ಮೈದಾನ. ಅದನ್ನು ಕ್ರಿಕೆಟ್ಟಿಗೆಂದು ಮಾರ್ಪಡಿಸಿದ್ದಾರೆ.