ಸ್ವರವೂ ಕಾಯಕವೇ

ಊರಿನ ಅಭಿವೃದ್ಧಿ ಎಂದೊಡನೆ ನಮಗೆ ನೆನಪಾಗುವುದು ಡಾಂಬರು ರಸ್ತೆ, ನಲ್ಲಿ ನೀರು, ಕಾರ್ಖಾನೆ. ಇವೆಲ್ಲ ಬೇಕಾದವುಗಳೇ. ಆದರೆ ಹಾಡು, ನಾಟಕ, ಪುರಾಣಗಳನ್ನು ಹೊಟ್ಟೆ ತುಂಬಿದವರ ಮನರಂಜನೆ ಎಂದು ಬದಿಗಿಡುವುದು ತರವಲ್ಲ. ಕಲೆಯು ಕಲಿತವನಿಗೆ ಅನ್ನವನ್ನೂ ಮಾನವನ್ನೂ ಕೊಡಬಲ್ಲುದು, ಅವನನ್ನು ಸಾಕಿದ ಪಟ್ಟಣವನ್ನೂ ಬೆಳೆಸಬಲ್ಲುದು. ಇದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅಂಧ ಬಾಲಕನ ಕಂಠಸಿರಿಯನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಗುರುತಿಸಿದರು, ಸಂಗೀತ ಕಲಿಸಲು ಏರ್ಪಾಟು ಮಾಡಿದರು. ಆ ಬಾಲಕನೇ ಮುಂದೆ ಹಿಂದುಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲೂ ಪಾರಂಗತರಾದ ಪಂಚಾಕ್ಷರ ಗವಾಯಿಗಳು. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಇದ್ದದ್ದು ಮನೆಯ ಮೂಲೆ, ಇಲ್ಲವೇ ಭಿಕ್ಷಾಪಾತ್ರೆ. ಗವಾಯಿಗಳು ಅಂಥ ಮಕ್ಕಳ ಕೈಗೆ ತಂಬೂರಿ, ತಬಲಾ ಕೊಟ್ಟರು. ಜಾತಿ ಕೇಳಲಿಲ್ಲ, ಶುಲ್ಕ ಬೇಡಲಿಲ್ಲ.

ಮೊದಮೊದಲು ಈ ಪಾಠಶಾಲೆಗೆ ನೆಲೆಯೇ ಇರಲಿಲ್ಲ. ಗುರು ಶಿಷ್ಯರು ಊರಿಂದೂರಿಗೆ ಸಂಚರಿಸುತ್ತಾ ಭಕ್ತರು ನೀಡಿದ್ದನ್ನು ಉಂಡು ಕಲಿತರು. ಜಂಗಮವಾಗಿದ್ದ ಈ ವಿದ್ಯೆ ಕಡೆಗೆ ಗದಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಭಾರ ಹೊತ್ತರು. ಅವರೂ ಅಂಧರೇ. ಆಶ್ರಮದ ನಾಟಕ ಸಂಘಕ್ಕೆ ತಾವೇ ನಾಟಕ ಬರೆದರು. ನಾಟಕದ ಆದಾಯ ಮಕ್ಕಳ ಅನ್ನಕ್ಕಾಯಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅದೇ ವರುಷ ಅವರು ಲಿಂಗೈಕ್ಯರಾದರು.

ನಾಟಕ ಕಂಪನಿಯೊಂದು ಪಟ್ಟಣದಲ್ಲಿ ಕ್ಯಾಂಪು ಹೂಡಿದರೆ ಎಷ್ಟು ಕೈಗಳಿಗೆ ಕೆಲಸವೆಂಬುದನ್ನು ಹಿರಿಯರಾದ ತಾವು ಬಲ್ಲಿರಿ. ಥೇಟರು ಕಟ್ಟುವ ಬಡಿಗ, ಪರದೆ ಬರೆಯುವ ಚಿತ್ರಗಾರ, ಉಡುಪು ಹೊಲಿಯುವ ಸಿಂಪಿಗ, ಕರಪತ್ರ ಅಚ್ಚು ಹಾಕುವ ಮುದ್ರಕ, ಚಹಾದಂಗಡಿಯವ, ಎಲ್ಲರಿಗೂ ಅಲ್ಲಿ ಪಾಲುಂಟು. ಗದಗು ಸಂಗೀತದಂತೆ ಮುದ್ರಣಕ್ಕೂ ಹೆಸರಾದ ಊರು. ಒಂದು ಕಲೆ ಇನ್ನೊಂದು ಕಸುಬಿಗೆ ಆಸರೆಯಾಗುವುದು ಹೀಗೆ.

ಆಶ್ರಮದ ಫಲ ಗದಗಿನಲ್ಲಷ್ಟೇ ಉಳಿಯಲಿಲ್ಲ. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು, ಪುಟ್ಟರಾಜರ ಶಿಷ್ಯರಾದ ವೆಂಕಟೇಶಕುಮಾರ ಧಾರವಾಡದಲ್ಲಿ ನೆಲೆಸಿ ನಾಡಿನಾಚೆಗೂ ಕೀರ್ತಿ ಪಡೆದರು. ಹೆಸರು ಪತ್ರಿಕೆಗೆ ಬಾರದ ಶಿಷ್ಯರೂ ಅನೇಕರಿದ್ದಾರೆ. ಶಾಲೆಯಲ್ಲಿ ಸಂಗೀತ ಕಲಿಸುವವರು, ಶ್ರಾವಣದಲ್ಲಿ ನಮ್ಮ ಹಳ್ಳಿಯಲ್ಲಿ ಪುರಾಣ ಹಚ್ಚಿದಾಗ ಶಾಸ್ತ್ರಿಗಳ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂಡುವ ಗವಾಯಿಗಳು, ಸಾಥಿ ಕೊಡುವ ತಬಲಾದವರು ಇವರೇ. ಆ ಒಂದು ತಿಂಗಳ ಸಂಭಾವನೆಯಿಂದ ಒಂದು ಸಂಸಾರದ ಒಲೆ ಉರಿಯುತ್ತದೆ. ಇದು ಭಿಕ್ಷೆಯಲ್ಲ, ದುಡಿದ ಕಾಯಕದ ಫಲ.

ಇಲ್ಲಿ ನಾವೆಲ್ಲರೂ ವಿಚಾರ ಮಾಡಬೇಕಾದ ಮಾತೊಂದಿದೆ. ಮಕ್ಕಳಿಗೆ ಕಲಿಸುವ ಹೊಣೆ ಆಶ್ರಮದ್ದು. ಕಲಿತವರನ್ನು ಕರೆಯುವ ಹೊಣೆ ಯಾರದು? ಜಾತ್ರೆಗೆ ಕಿವಿಗಡಚಿಕ್ಕುವ ಧ್ವನಿವರ್ಧಕಕ್ಕೆ ಸಾವಿರಾರು ರೂಪಾಯಿ ಸುರಿದು, ಗವಾಯಿಗಳ ಸಂಭಾವನೆಗೆ ಚೌಕಾಸಿ ಮಾಡಿದರೆ ಆ ವಿದ್ಯೆ ಎಷ್ಟು ದಿನ ಬಾಳೀತು? ಕೇಳುವ ಕಿವಿಯೂ ಕೊಡುವ ಕೈಯೂ ಇಲ್ಲದಾದರೆ, ಕಲಿತ ಅಂಧ ಮಗು ಮತ್ತೆ ಮನೆಯ ಮೂಲೆಗೇ ಮರಳಬೇಕಾದೀತು.

ಆದುದರಿಂದ ಮುಂಬರುವ ಜಾತ್ರೆಯ ಖರ್ಚು ವೆಚ್ಚದ ಪಟ್ಟಿ ಬರೆಯುವಾಗ ಕಲಾವಿದರ ಪಾಲನ್ನು ಕಡೆಯಲ್ಲಿ ಬರೆಯದೆ ಮೊದಲಲ್ಲಿಯೇ ಬರೆಯೋಣ. ಹಾಡಿದವರ ಕೈಗೆ ಅಂದೇ ಸಂಭಾವನೆ ಸಲ್ಲಿಸೋಣ. ಊರಿನ ಮಗುವೊಂದಕ್ಕೆ ಕಂಠವಿದ್ದರೆ ಗುರುವಿನ ಬಳಿಗೆ ಕಳುಹಿಸೋಣ. ಸ್ವರದ ಕಾಯಕಕ್ಕೆ ನಾವು ಸಲ್ಲಿಸಬಹುದಾದ ದಾಸೋಹ ಇದೇ. ಆ ದಾಸೋಹ ನಡೆದ ಊರು ತಾನಾಗಿಯೇ ಬೆಳೆಯುತ್ತದೆ.