ಬೆಳ್ಳಿ ಮೊಲದ ಮರಿ ಕಪ್ಪೇಕೆ?

ತುಮಕೂರಿನ ಸಿದ್ಧಗಂಗೆ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತನ್ನು ಗುರುತಿಸಲು ರೈತನಿಗೆ ಪುಸ್ತಕ ಬೇಕಿಲ್ಲ. ಬೂದು ಮೈ, ಹಿಂದಕ್ಕೆ ಬಾಗಿದ ನೀಳ ಕೊಂಬು, ಬಿಗಿಯಾದ ಮೈಕಟ್ಟು ನೋಡಿದರೆ ಸಾಕು. ಆದರೆ ಆ ಹೆಸರು ಬಂದದ್ದು ಬಣ್ಣದಿಂದಲ್ಲ; ದನ ಸಾಕಿ ಬೆಳೆಸಿದ ಹಳ್ಳಿಕಾರ ಜನಾಂಗದಿಂದ. ಅದರ ಬಂಧುವಾದ ಅಮೃತಮಹಲ್ ತಳಿಗೆ ಹೆಸರು ಕೊಟ್ಟದ್ದು ಒಂದು ಸರ್ಕಾರಿ ಇಲಾಖೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಸಾಕುಮೊಲಗಳ ಲೋಕದಲ್ಲಿ ಹೀಗಲ್ಲ. ಅಲ್ಲಿ ಹೆಸರಿಟ್ಟವರು ಬಹುಪಾಲು ತುಪ್ಪಳದ ವ್ಯಾಪಾರಿಗಳು ಮತ್ತು ಪ್ರದರ್ಶನಗಳ ಗೀಳಿನವರು. ಹೀಗಾಗಿ ‘ಬೆಳ್ಳಿ’ ಎಂಬ ಒಂದೇ ಮಾತು ಹಲವು ಮೊಲಗಳಿಗೆ ಅಂಟಿಕೊಂಡಿದೆ. ಮಕ್ಕಳ ಹಟಕ್ಕೆ ಸೋತು ಒಂದು ಜೋಡಿ ತರಲು ಹೊರಟ ತಂದೆತಾಯಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲ ಸಂಗತಿ: ಮೊಲದ ಕೂದಲಿನಲ್ಲಿ ಬೆಳ್ಳಿ ಎಂಬ ಬಣ್ಣವೇ ಇಲ್ಲ. ಕಪ್ಪು ಕೂದಲುಗಳ ನಡುವೆ ಬಿಳಿ ಕೂದಲುಗಳು ಬೆರೆತಾಗ ದೂರಕ್ಕೆ ಬೆಳ್ಳಿಯ ಹೊಳಪು ಕಾಣುತ್ತದೆ, ಅಷ್ಟೆ. ನಡುವಯಸ್ಸಿನವರ ತಲೆಯಂತೆ! ಫ್ರಾನ್ಸಿನ ಶಾಂಪೇನ್ ಪ್ರಾಂತದ ‘ಶಾಂಪೇನ್ ದಾರ್ಜಾಂ’ ಇಂಥ ಹಳೆಯ ತಳಿ. ದಾರ್ಜಾಂ ಎಂದರೆ ಬೆಳ್ಳಿಯ ಎಂದರ್ಥ. ನಾಲ್ಕರಿಂದ ಐದು ಕಿಲೋ ತೂಗುವ ಈ ಮೊಲದ ಮರಿಗಳ ಮೈಮೇಲೆ ಮೊದಲು ಬರುವ ತುಪ್ಪಳ ಅಚ್ಚ ಕಪ್ಪು. ಎರಡು ತಿಂಗಳ ಹೊತ್ತಿಗೆ ಅಲ್ಲಲ್ಲಿ ಬಿಳಿ ಕೂದಲು ಇಣುಕಿ, ಸುಮಾರು ಆರು ತಿಂಗಳಿಗೆ ಮೈಯೆಲ್ಲ ಬೆಳ್ಳಿಯಾಗುತ್ತದೆ. ಸಂಗತಿ ತಿಳಿಯದವರು ಗೂಡಿನಲ್ಲಿ ಕಪ್ಪು ಮರಿಗಳನ್ನು ಕಂಡು ಮಾರಿದವನ ಮೇಲೆ ಜಗಳಕ್ಕೆ ಹೋದರೆ ಆಶ್ಚರ್ಯವಿಲ್ಲ. ಅದೇ ಅಜ್ಞಾನವನ್ನು ಬಳಸಿಕೊಂಡು ಸಾಮಾನ್ಯ ಕಪ್ಪು ಮರಿಯನ್ನು ‘ಮುಂದೆ ಬೆಳ್ಳಿಯಾಗುತ್ತದೆ’ ಎಂದು ಮಾರುವುದೂ ಕಷ್ಟವೇನಲ್ಲ. ಆದ್ದರಿಂದ ಮರಿಗಿಂತ ಮೊದಲು ಅದರ ತಂದೆ ತಾಯಿಯನ್ನು ನೋಡಬೇಕು. ಮೊಲದಲ್ಲಿ ಬೆಳ್ಳಿಯ ಗುಣ ಇಬ್ಬರಿಂದಲೂ ಬಂದರೆ ಮಾತ್ರ ಪೂರ್ತಿಯಾಗಿ ಕಾಣುತ್ತದೆ.

ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲಿನ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಬೂದು ಥರೋಬ್ರೆಡ್ ಕುದುರೆಯೂ ಹುಟ್ಟುವಾಗ ಕಪ್ಪೋ ಕಂದೋ ಆಗಿರುತ್ತದೆ. ವರ್ಷದಿಂದ ವರ್ಷಕ್ಕೆ ನರೆಯುತ್ತ ಕೊನೆಗೆ ಹೆಚ್ಚುಕಡಿಮೆ ಬಿಳಿಯಾಗುತ್ತದೆ. ಆದರೆ ಎರಡರ ಮರ್ಮ ಬೇರೆ. ಕುದುರೆಯಲ್ಲಿ ಈ ಗುಣ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು. ಅದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನು 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ತಂಡ ಪತ್ತೆಮಾಡಿತು. ಕುದುರೆಯ ನರೆ ವರ್ಷಗಟ್ಟಲೆ ಮುಂದುವರಿಯುತ್ತದೆ, ಮೊಲದ್ದು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ.

ಇನ್ನು ಹೆಸರುಗಳ ಗೋಜಲು. ಇಂಗ್ಲೆಂಡಿನಲ್ಲಿ ಬೆಳ್ಳಿ ಕೂದಲಿನ ಮೊಲಗಳ ಪ್ರಸ್ತಾಪ 17ನೇ ಶತಮಾನದಷ್ಟು ಹಿಂದೆಯೇ ಬರುತ್ತದೆ. ಚಾರ್ಲ್ಸ್ ಡಾರ್ವಿನ್ 1868ರ ತನ್ನ ಗ್ರಂಥದಲ್ಲಿ ಈ ‘ಬೆಳ್ಳಿ ಬೂದು’ ಮೊಲಗಳ ಬಗ್ಗೆ ಬರೆದು, ಮರಿಗಳು ಕಪ್ಪಾಗಿ ಹುಟ್ಟುವುದನ್ನೂ ದಾಖಲಿಸಿದ. ಅವುಗಳ ಸಂಬಂಧದಲ್ಲೇ ಇನ್ನೊಂದು ಸೋಜಿಗ ಬರುತ್ತದೆ. ಬಿಳಿ ಮೈ, ಕಪ್ಪು ಕಿವಿ ಮೂಗು ಕಾಲುಗಳ ‘ಹಿಮಾಲಯನ್’ ಮೊಲವನ್ನು 1857ರಲ್ಲಿ ಬಾರ್ಟ್‌ಲೆಟ್ ಎಂಬಾತ ಹೊಸ ಪ್ರಭೇದವೆಂದೇ ನಂಬಿ ಲ್ಯಾಟಿನ್ ಹೆಸರನ್ನೂ ಇಟ್ಟ. ಆಮೇಲೆ ತಿಳಿದದ್ದು, ಅದು ಬೆಳ್ಳಿ ಬೂದು ಸಂತತಿಯ ಮಿಶ್ರಣದಿಂದ ಇಂಗ್ಲೆಂಡಿನ ಗೂಡುಗಳಲ್ಲೇ ಹುಟ್ಟುವಂಥದೆಂದು. ಅದನ್ನೇ ಚೀನೀ, ರಷ್ಯನ್, ಪೋಲಿಷ್ ಎಂದೂ ಕರೆಯುತ್ತಿದ್ದರು. ದೂರದೂರಿನ ಹೆಸರಿಟ್ಟರೆ ಬೆಲೆ ಏರುತ್ತದೆಂಬ ಲೆಕ್ಕಾಚಾರ ಇದ್ದಿರಬೇಕು.

ಅಮೆರಿಕದ ಓಹಾಯೋದಲ್ಲಿ ವಾಲ್ಟರ್ ಗಾರ್ಲೆಂಡ್ ಬೆಳೆಸಿದ ತಳಿ 1925ರಲ್ಲಿ ‘ಅಮೆರಿಕನ್ ಹೆವಿವೇಟ್ ಸಿಲ್ವರ್’ ಎಂದು ಮಾನ್ಯತೆ ಪಡೆದು, 1929ರಲ್ಲಿ ‘ಸಿಲ್ವರ್ ಫಾಕ್ಸ್’ ಆಯಿತು. ನರಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆಗ ದುಬಾರಿಯಾಗಿದ್ದ ಬೆಳ್ಳಿನರಿಯ ತುಪ್ಪಳದ ಹೋಲಿಕೆ ಮಾತ್ರ. ಬ್ರಿಟನ್ನಿನಲ್ಲಿ ಅದೇ ಹೆಸರಿನ ಮೊಲ ಇದೆ, ಅದು ಬೇರೆಯೇ ತಳಿ.

ನಮ್ಮಲ್ಲಿ ಹೆಚ್ಚಾಗಿ ‘ಬೆಳ್ಳಿ’ ಎನಿಸಿಕೊಳ್ಳುವುದು ಸೋವಿಯತ್ ಚಿಂಚಿಲ್ಲಾ ಇರಬಹುದು. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಸಾಕುವ ತಳಿಗಳಲ್ಲಿ ಇದೂ ಒಂದು. ದಕ್ಷಿಣ ಅಮೆರಿಕದ ಚಿಂಚಿಲ್ಲಾ ಎಂಬ ದಂಶಕದ ತುಪ್ಪಳವನ್ನು ಹೋಲುವುದರಿಂದ ಈ ಹೆಸರು. ಇಲ್ಲಿ ಬಿಳಿ ಕೂದಲು ಬೆರೆತಿಲ್ಲ. ಒಂದೊಂದು ಕೂದಲಿನಲ್ಲೇ ಪಟ್ಟೆಗಳಿವೆ. ಬುಡದಲ್ಲಿ ಕಡು ಬೂದು, ನಡುವೆ ಮುತ್ತಿನ ಬಿಳಿ, ತುದಿಯಲ್ಲಿ ಕಪ್ಪು. ಪರೀಕ್ಷೆಗೆ ಉಪಕರಣ ಬೇಡ. ಮೊಲದ ಬೆನ್ನಿನ ಮೇಲೆ ಮೆಲ್ಲಗೆ ಬಾಯಿಂದ ಊದಿದರೆ ತುಪ್ಪಳ ಹೂವಿನಂತೆ ತೆರೆದುಕೊಂಡು ಉಂಗುರಗಳು ಕಾಣುತ್ತವೆ. ಉಂಗುರ ಕಂಡರೆ ಚಿಂಚಿಲ್ಲಾ ಬಗೆ. ಉಂಗುರವಿಲ್ಲದೆ ಕಪ್ಪು ಬಿಳಿ ಕೂದಲು ಬಿಡಿಬಿಡಿಯಾಗಿ ಕಂಡರೆ ನಿಜವಾದ ಬೆಳ್ಳಿ.

ಗುಬ್ಬಿ, ಕುಣಿಗಲ್ ಕಡೆಯ ಹೊಲ, ಕುರುಚಲು ಕಾಡುಗಳಲ್ಲಿ ಓಡಾಡುವ ಕಾಡುಮೊಲ ಈ ಲೆಕ್ಕಕ್ಕೆ ಸೇರುವುದಿಲ್ಲ. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರಾದರೂ ಸಾಕುಮೊಲದ ವರ್ಣತಂತುಗಳು 44, ಕಾಡುಮೊಲದ್ದು 48. ಇವೆರಡರ ಮಿಶ್ರ ಸಂತಾನ ಅಸಾಧ್ಯ. ಸಾಕುಮೊಲದ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಕಾಡುಮೊಲದ ಮರಿ ಹುಟ್ಟುವಾಗಲೇ ತುಪ್ಪಳ ಹೊದ್ದು ಕಣ್ಣು ತೆರೆದಿರುತ್ತದೆ. ಹೊಲದಲ್ಲಿ ಒಂಟಿಯಾಗಿ ಸಿಕ್ಕಿತೆಂದು ಅದನ್ನು ಮನೆಗೆ ತರಬಾರದು: ತಾಯಿ ಹಾಲೂಡಿಸಲು ಅಲ್ಲಿಗೇ ಬರುತ್ತದೆ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು ಅಪರಾಧ.