ಹದಿನೆಂಟು ತುಂಬಿದ ಮೇಲೆ

ಬಂಗಾರಪೇಟೆಯಲ್ಲಿ ಕವಲೊಡೆದ ರೈಲುದಾರಿ ಹತ್ತು ಮೈಲಿ ಸಾಗಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ಹಳಿಯಿಲ್ಲ. ಬಂಗಾರಪೇಟೆಗೆ ಬೌರಿಂಗ್‌ಪೇಟೆಯೆಂದು ಹೆಸರಿದ್ದ ಕಾಲದಲ್ಲಿ, 1894ರಲ್ಲಿ, ಚಿನ್ನದ ಗಣಿಗಳಿಗೆಂದೇ ಹಾಕಿದ ದಾರಿಯದು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ರೈಲು ಮಾತ್ರ ಬೆಂಗಳೂರಿಗೆ ದುಡಿಮೆಗೆ ಹೋಗಿಬರುವವರನ್ನು ಹೊತ್ತು ಇಂದಿಗೂ ಓಡುತ್ತಿದೆ. ಈ ಊರನ್ನು ಕುರಿತು ಬರೆಯುವವರೆಲ್ಲ ಚಿನ್ನದ ಮಾತನ್ನೇ ಆಡುತ್ತಾರೆ. ನಾನು ಹೇಳಹೊರಟಿರುವುದು ವೈದ್ಯದ ವಿಚಾರ.

ಗಣಿ ನಡೆಯುತ್ತಿದ್ದಾಗ ಕಾರ್ಮಿಕರಿಗೂ ಅವರ ಮನೆಮಂದಿಗೂ ಕಂಪನಿಯ ಆಸ್ಪತ್ರೆಯೇ ಗತಿ. ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಕಲ್ಲುಧೂಳು ಕುಡಿದು ಎದೆಗೂಡು ಗಟ್ಟಿಯಾಗಿ ಸತ್ತವರ ಮನೆಗಳು ಈ ಸಾಲುಗಳಲ್ಲಿ ಬೇಕಾದಷ್ಟಿವೆ. ಆದರೂ ಒಂದು ಅನುಕೂಲ ಅಲ್ಲಿತ್ತು. ಮಗುವಾಗಿದ್ದಾಗ ಕಂಡ ಆಸ್ಪತ್ರೆಯೇ ಮನುಷ್ಯನನ್ನು ಮುದುಕನಾಗುವ ತನಕ ಕಾಣುತ್ತಿತ್ತು. ಚೀಟಿ ಕಳೆದರೂ ಮುಖದ ಗುರುತಿತ್ತು. ಈಗ ಸರ್ಕಾರದ ಆರೋಗ್ಯ ಕೇಂದ್ರವುಂಟು, ರಾಬರ್ಟ್‌ಸನ್‌ಪೇಟೆಯ ದೊಡ್ಡಾಸ್ಪತ್ರೆಯುಂಟು, ಬೀದಿಗೊಂದು ಕ್ಲಿನಿಕ್ಕುಂಟು. ಹೋದಾಗಲೆಲ್ಲ ಹೊಸ ವೈದ್ಯರು; ಮೊದಲಿನಿಂದ ಹೇಳಿಕೊಳ್ಳಬೇಕು. ಮಾತು ಬಲ್ಲವನಿಗೆ ಇದೇನೂ ದೊಡ್ಡ ಕಷ್ಟವಲ್ಲ. ತನ್ನ ನೋವನ್ನು ತಾನು ಹೇಳಲಾರದವನ ಗತಿಯೇನು?

ನನ್ನ ಚಿಕ್ಕಮ್ಮನ ಮಗನಿಗೆ ಈಗ ನಲವತ್ತೊಂದು ವರ್ಷ. ಮಾರಿಕುಪ್ಪಂನ ಒಂದು ಕಿರಾಣಿ ಅಂಗಡಿಯಲ್ಲಿ ಬೇಳೆಕಾಳು ತೂಗಿ ಪೊಟ್ಟಣ ಕಟ್ಟುತ್ತಾನೆ. ಅವನಿಗಿರುವುದು ಆಟಿಸಂ ಎಂದು ಬೆಂಗಳೂರಿನ ವೈದ್ಯರು ಹೇಳಿದಾಗ ಅವನಿಗೆ ಮೂವತ್ತಮೂರು ತುಂಬಿತ್ತು. ಅದುವರೆಗೆ ಊರಿನವರು ತಮಗೆ ತೋಚಿದ ಹೆಸರು ಕೊಟ್ಟಿದ್ದರು: ಮಂಕು, ಮೌನಿ, ಹಟಮಾರಿ. ಆಟಿಸಂ ಎಂದೊಡನೆ ಸಿನಿಮಾ ನೋಡಿದ ಮಹನೀಯರು ಲೆಕ್ಕದ ಪವಾಡಪುರುಷನೊಬ್ಬನನ್ನು ನಿರೀಕ್ಷಿಸುತ್ತಾರೆ. ನಮ್ಮವನು ಅಂಥವನಲ್ಲ, ಅಂಥವರು ವಿರಳ.

ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ 1943ರಲ್ಲಿ ಬರೆದ ಲೇಖನದಿಂದ ಈ ಹೆಸರು ಬಳಕೆಗೆ ಬಂತು. ಕನ್ನಡದಲ್ಲಿ ‘ಸ್ವಲೀನತೆ’ ಎಂದಿದ್ದಾರೆ. ತನ್ನಲ್ಲೇ ಲೀನವಾಗಿರುವುದು ಎಂದು ಅರ್ಥ. ಪದ ಸೊಗಸಾಗಿದೆ, ಆದರೆ ನಾನು ಕಂಡಮಟ್ಟಿಗೆ ಅದು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಹೊರಗಿನ ಲೋಕ ಇವರಿಗೆ ಕೇಳಿಸುವುದಿಲ್ಲವೆಂದಲ್ಲ, ಅತಿಯಾಗಿ ಕೇಳಿಸುತ್ತದೆ. ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ, ಫಿನಾಯಿಲಿನ ವಾಸನೆ, ಅಪರಿಚಿತರ ಕೈ: ನಾವು ಲಕ್ಷಿಸದ ಇವೆಲ್ಲ ಅವರ ಮೇಲೆ ಏಕಕಾಲದಲ್ಲಿ ಬಂದೆರಗುತ್ತವೆ. ಇನ್ನು ಕೆಲವರಿಗೆ ಒಳಗಿನ ಸುದ್ದಿಯೇ ಸರಿಯಾಗಿ ತಲುಪುವುದಿಲ್ಲ; ಹಸಿವು ಯಾವುದು, ನೋವು ಯಾವುದು, ಭಯ ಯಾವುದು ಎಂದು ಬಿಡಿಸಿ ಹೇಳುವುದು ಅವರಿಗೆ ದುಸ್ಸಾಧ್ಯ. ಆಸ್ಪತ್ರೆಯ ವ್ಯವಹಾರವೆಲ್ಲ ಇದೊಂದರ ಮೇಲೆಯೇ ನಿಂತಿದೆಯಲ್ಲವೆ?

ಎರಡು ವರ್ಷದ ಕೆಳಗೆ ನಮ್ಮವನು ಊಟ ಕಡಮೆ ಮಾಡಿದ. ಚಪಾತಿ ಬೇಡ, ಚಕ್ಕುಲಿ ಬೇಡ. ರಾಗಿಮುದ್ದೆ ಮಾತ್ರ ಆಗಬಹುದು. ರಾತ್ರಿ ಎದ್ದು ತಣ್ಣನೆಯ ಗೋಡೆಗೆ ಕೆನ್ನೆಯೊತ್ತಿ ನಿಲ್ಲುತ್ತಿದ್ದ. ಚಿಕ್ಕಮ್ಮ ಅವನನ್ನು ಒಂದು ಆಸ್ಪತ್ರೆಗೆ ಕರೆದೊಯ್ದರು. ಜೊತೆಗೆ ನಾನೂ ಇದ್ದೆ. ಎರಡೂವರೆ ಗಂಟೆ ಸಾಲಿನಲ್ಲಿ ನಿಂತ ಮೇಲೆ ನಡೆದ ಸಂಭಾಷಣೆ ಇಷ್ಟು.

“ಏನಪ್ಪಾ, ಊಟ ಯಾಕೆ ಸೇರೋಲ್ಲ? ಬಾಯಿ ಕೆಟ್ಟಿದೆಯಾ?”

“ಬಾಯಿ ಕೆಟ್ಟಿಲ್ಲ ಸಾರ್. ನಾನು ಯಾರನ್ನೂ ಬೈಯೋದಿಲ್ಲ.”

“ಹೊಟ್ಟೆ ಹೋಗ್ತಾ ಇದೆಯಾ?”

“ಇಲ್ಲ ಸಾರ್, ಇಲ್ಲೇ ಇದೆ.”

ಹಿಂದೆ ನಿಂತಿದ್ದವರು ನಕ್ಕರು. ಅಲ್ಲಿಗೆ ಅವನ ಮಾತು ನಿಂತಿತು. ವೈದ್ಯರು ಅವನನ್ನು ಬಿಟ್ಟು ಚಿಕ್ಕಮ್ಮನ ಕಡೆಗೆ ತಿರುಗಿದರು, ಆಟಿಸಂ ಎಂಬ ಪದವನ್ನು ಚೀಟಿಯಲ್ಲಿ ಕಂಡರು, “ಇದೆಲ್ಲಾ ಅದರದೇ ಹಟ, ತಾಯೀ” ಎಂದು ಸಮಾಧಾನಕ್ಕೆಂದು ಒಂದು ಮಾತ್ರೆ ಬರೆದುಕೊಟ್ಟರು.

ಅವನ ಉತ್ತರಗಳಲ್ಲಿ ತಪ್ಪೇನಿತ್ತು? ವೈದ್ಯರ ಕನ್ನಡವನ್ನು ಒಮ್ಮೆ ಕಿವಿಗೊಟ್ಟು ಕೇಳಿರಿ. ತಲೆ ಸುತ್ತುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ, ಎದೆ ಹಿಡಿದುಕೊಳ್ಳುತ್ತದೆ, ಕೈಕಾಲು ಸೋಲುತ್ತದೆ, ಜೀವ ಹಾರುತ್ತದೆ. ನುಡಿಗಟ್ಟುಗಳನ್ನು ತರಗತಿಯಲ್ಲಿ ಮೂವತ್ತು ವರ್ಷ ಬೋಧಿಸಿದವನು ನಾನು. ಅವುಗಳಲ್ಲಿ ಅರ್ಧಪಾಲು ದೇಹದಿಂದಲೇ ಹುಟ್ಟಿದುವು ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಪದಕ್ಕೆ ಇರುವ ಅರ್ಥವನ್ನೇ ಹಿಡಿಯುವವನಿಗೆ ಆ ಐಶ್ವರ್ಯವೇ ಅಡ್ಡಗೋಡೆ. ‘ಹಲ್ಲು ನೋಯುತ್ತದೆಯೇ?’ ಎಂದು ಯಾರಾದರೂ ಕೇಳಿದ್ದರೆ ಅವನು ಹೌದೆನ್ನುತ್ತಿದ್ದ. ಮುದ್ದೆಯನ್ನು ನುಂಗುತ್ತೇವೆಯೇ ಹೊರತು ಅಗಿಯುವುದಿಲ್ಲ. ಅವನು ಮುದ್ದೆಯನ್ನಷ್ಟೇ ಉಂಡುದರ ಗುಟ್ಟು ಅದು. ಮೂರು ವಾರ ಕಳೆದು ಕೀವು ದವಡೆಯಿಂದ ಕುತ್ತಿಗೆಗೆ ಇಳಿದು, ಜ್ವರ ನೆತ್ತಿಗೇರಿ, ಬೆಂಗಳೂರಿನಲ್ಲಿ ಆರು ದಿನ ಮಲಗಬೇಕಾಯಿತು.

ಒಂದು ಹೆಸರಿನ ನೆರಳಿನಲ್ಲಿ ಬೇರೆ ಕಾಯಿಲೆ ಮರೆಯಾಗುವುದು ಈ ಊರಿಗಷ್ಟೇ ಸೇರಿದ ಸಂಗತಿಯಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2016ರಲ್ಲಿ ಆಲಿವರ್ ಮೆಕ್‌ಗೊವನ್ ಎಂಬ ಹದಿನೆಂಟರ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ಮನೋರೋಗದ ಔಷಧ ತನಗೆ ಒಗ್ಗದೆಂದು ಅವನೂ ಅವನ ತಂದೆತಾಯಿಯರೂ ಹೇಳಿದ್ದರೂ ಅದನ್ನೇ ಕೊಟ್ಟಿದ್ದರು. ತಾಯಿಯ ಹೋರಾಟದ ಫಲವಾಗಿ, ಆರೋಗ್ಯ ಸೇವೆಯ ನೌಕರರು ಆಟಿಸಂ ಮತ್ತು ಕಲಿಕೆಯ ನ್ಯೂನತೆಗಳನ್ನು ಕುರಿತು ತರಬೇತಿ ಪಡೆಯಬೇಕೆಂಬ ವಿಧಿ 2022ರ ಶಾಸನದಲ್ಲಿ ಸೇರಿತು. ಸ್ವೀಡನ್ನಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೃತರಾದ ಆಟಿಸಂ ಉಳ್ಳವರ ಸರಾಸರಿ ವಯಸ್ಸು 54, ಇತರರದು 70. ಹದಿನಾರು ವರ್ಷಗಳ ಈ ಅಂತರಕ್ಕೆ ಅಪಸ್ಮಾರ, ಆತ್ಮಹತ್ಯೆಗಳೂ ಕಾರಣವೆನ್ನಿ. ಆದರೆ ಹೃದಯದ ಬೇನೆಯಂಥ ಸಾಮಾನ್ಯ ರೋಗಗಳ ಪಾಲೂ ಅದರಲ್ಲಿ ಇತ್ತು.

ಬಾಗಿಲಲ್ಲೇ ತಡೆಯುವುದು ಯಾವುದು? ತಾನೇ ಆಟಿಸಂ ಉಳ್ಳ ವೈದ್ಯೆ, ಐರ್ಲೆಂಡಿನ ಮೇರಿ ಡೊಹರ್ಟಿಯವರು ತಮ್ಮ ಸಂಗಡಿಗರೊಡನೆ 2022ರಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಕುಟುಂಬ ವೈದ್ಯರನ್ನು ಕಾಣುವುದೇ ಕಷ್ಟವೆಂದವರು ಆಟಿಸಂ ಉಳ್ಳ ವಯಸ್ಕರಲ್ಲಿ ನೂರಕ್ಕೆ 80, ಉಳಿದವರಲ್ಲಿ 37. ತನಗಾಗುತ್ತಿರುವುದು ವೈದ್ಯರಿಗೆ ತೋರಿಸಬೇಕಾದಷ್ಟು ದೊಡ್ಡದೇ ಎಂದು ನಿರ್ಧರಿಸಲಾರದವರು 72. ಕಾಯುವ ಕೋಣೆಯೇ ತಮ್ಮನ್ನು ತಡೆಯಿತೆಂದವರು 51. ಅಲ್ಲಿ ಕುರ್ಚಿಗಳಿವೆ, ಸರದಿಯುಂಟು. ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲನ್ನು ಅವರು ಕಂಡಿಲ್ಲ.

ನಮ್ಮಲ್ಲಿ ಮಕ್ಕಳ ಕಡೆ ಏನೂ ನಡೆದಿಲ್ಲವೆನ್ನಲಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಪರೀಕ್ಷಿಸುವ ದೋಷಗಳ ಪಟ್ಟಿಯಲ್ಲಿ ಆಟಿಸಂ ಕೂಡ ಉಂಟು. ಆದರೆ ಆ ಕಾರ್ಯಕ್ರಮ ಹದಿನೆಂಟು ವರ್ಷಕ್ಕೆ ನಿಲ್ಲುತ್ತದೆ. ಆಟಿಸಂ ನಿಲ್ಲುವುದಿಲ್ಲ. ಕ್ಯಾನರ್ ಮೊಟ್ಟಮೊದಲು ಗುರುತಿಸಿದ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ ಬೆಳೆದು, ತನ್ನ ಊರಿನ ಬ್ಯಾಂಕಿನಲ್ಲಿ ದುಡಿದು, 2023ರಲ್ಲಿ ತೀರಿಕೊಂಡಾಗ ಅವನಿಗೆ ಎಂಬತ್ತೊಂಬತ್ತು ವರ್ಷ. ಆಟಿಸಂ ಮಕ್ಕಳ ರೋಗವೆಂಬ ಭಾವನೆ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಇನ್ನೂ ಎಷ್ಟು ಬಲವಾಗಿದೆಯೆಂದರೆ, ಮೀಸೆ ಬಂದವನನ್ನು ಕಂಡು “ಇಷ್ಟು ವಯಸ್ಸಾದರೂ ಇನ್ನೂ ಹೋಗಿಲ್ಲವೆ?” ಎಂದು ದಾದಿಯೊಬ್ಬರು ಕೇಳಿದ್ದುಂಟು.

ಕರ್ನಾಟಕಕ್ಕೆ ಇಂಥ ಕೆಲಸ ಹೊಸದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿಯೇ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನೂ ಅಪಸ್ಮಾರವನ್ನೂ ಗುರುತಿಸಲು ಕಲಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ನಡೆಸಿ ತೋರಿಸಿತು. ದೇಶವೆಲ್ಲ ಅನುಸರಿಸಿದ ಮಾದರಿಯದು. ಮನೋವೈದ್ಯರಿಲ್ಲದ ಕಡೆ ಸಾಮಾನ್ಯ ವೈದ್ಯರೇ ಸಾಕೆಂಬುದನ್ನು ಲೋಕಕ್ಕೆ ಹೇಳಿದವರು ನಾವು. ಆಟಿಸಂ ಉಳ್ಳ ವಯಸ್ಕನ ಹಲ್ಲನ್ನೂ ಹೊಟ್ಟೆಯನ್ನೂ ನೋಡಲು ಮನೋವೈದ್ಯರೂ ಬೇಕಿಲ್ಲ.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಆಟಿಸಂ ಅನ್ನು ಇಪ್ಪತ್ತೊಂದು ವೈಕಲ್ಯಗಳಲ್ಲಿ ಸೇರಿಸಿದೆ. ಅದರ 25ನೆಯ ಪ್ರಕರಣ ಚಿಕಿತ್ಸೆಯಲ್ಲಿ ಇವರಿಗೆ ಆದ್ಯತೆ ಕೊಡಬೇಕೆನ್ನುತ್ತದೆ. ಅಂದರೆ ಸಾಲಿನಲ್ಲಿ ಮುಂದೆ ಬಿಡುವುದು ಯಾರ ಔದಾರ್ಯವೂ ಅಲ್ಲ. ಗಾಲಿಕುರ್ಚಿಯವನಿಗೆ ಜನ ತಾವಾಗಿ ದಾರಿ ಬಿಡುತ್ತಾರೆ. ನೋಡಲು ಗಟ್ಟಿಮುಟ್ಟಾಗಿರುವ ನಮ್ಮವನು ಮುಂದೆ ಹೋದರೆ “ಏನ್ರೀ, ನಾವೇನು ಕಾಣೋಲ್ವಾ?” ಎನ್ನುತ್ತಾರೆ. ಚಿಕ್ಕಮ್ಮ ಪ್ರಮಾಣಪತ್ರವನ್ನು ಎತ್ತಿ ಹಿಡಿಯಬೇಕು, ಎಲ್ಲರ ಎದುರಿಗೆ. ಅವರಿಗೆ ಅದು ಇಷ್ಟವಿಲ್ಲ.

ಈ ವರ್ಷ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಬ್ಬ ಎಳೆಯ ವೈದ್ಯೆ ಬಂದಿದ್ದಾರೆ. ಚಿಕ್ಕಮ್ಮನ ಕೈಯಲ್ಲಿ ಒಂದು ಹಾಳೆಯಿತ್ತು; ಆಶಾ ಕಾರ್ಯಕರ್ತೆಯ ಸಲಹೆಯಂತೆ ನಾನೇ ಬರೆದುಕೊಟ್ಟದ್ದು. ಮುಟ್ಟುವ ಮೊದಲು ಹೇಳಬೇಕು. ನೇರವಾದ ಪ್ರಶ್ನೆ ಕೇಳಬೇಕು. ಉತ್ತರಕ್ಕೆ ಇಪ್ಪತ್ತು ಎಣಿಸುವಷ್ಟು ಕಾಯಬೇಕು. ಗೋಡೆಗೆ ಕೆನ್ನೆಯೊತ್ತಿದರೆ ಹಲ್ಲು ನೋಡಬೇಕು. ವೈದ್ಯೆ ಅದನ್ನು ಓದಿದರು. ಜನ ಕರಗುವ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬರಹೇಳಿದರು. ಫ್ಯಾನು ನಿಲ್ಲಿಸಿ, “ಈಗ ತೋಳಿಗೆ ಪಟ್ಟಿ ಸುತ್ತುತ್ತೇನೆ, ಬಿಗಿಯಾಗುತ್ತದೆ, ಆಮೇಲೆ ಸಡಿಲವಾಗುತ್ತದೆ” ಎಂದು ಅವನಿಗೇ ಹೇಳಿದರು, ಚಿಕ್ಕಮ್ಮನಿಗಲ್ಲ. ಮನುಷ್ಯನ ಚಿತ್ರವೊಂದನ್ನು ಮುಂದಿಟ್ಟು ಎಲ್ಲಿ ನೋವಿದೆಯೆಂದು ಬೆರಳಿಟ್ಟು ತೋರಿಸಹೇಳಿದರು. ಅವನು ಪಾದ ತೋರಿಸಿದ. ರಕ್ತ ನೋಡಿದಾಗ ಸಕ್ಕರೆ ಕಾಯಿಲೆ ಹೊರಬಿತ್ತು. ಎಷ್ಟು ವರ್ಷದಿಂದ ಇತ್ತೋ! ಇದಕ್ಕೆಲ್ಲ ಸರ್ಕಾರಕ್ಕೆ ಆದ ಹೆಚ್ಚಿನ ಖರ್ಚು ಒಂದು ಕಾಸೂ ಇಲ್ಲ. ವೈದ್ಯೆಗೆ ಹಿಡಿದದ್ದು ಹದಿನೈದು ನಿಮಿಷ.

ಈಗ ತಿಂಗಳಿಗೊಂದು ಗುರುವಾರ ಅವನೇ ಎರಡು ಗಂಟೆಗೆ ಅಂಗಿ ಬದಲಿಸಿ ಸಿದ್ಧನಾಗುತ್ತಾನೆ. ಚಿಕ್ಕಮ್ಮನಿಗೆ ಎಪ್ಪತ್ತಮೂರು, ಮೊಣಕಾಲು ಹಿಡಿದಿದೆ. ತಮ್ಮ ನಂತರ ಯಾರು ಜೊತೆಗೆ ಹೋಗುವರೆಂಬ ಮಾತನ್ನು ಅವರು ನನ್ನೊಡನೆ ಒಂದೇ ಒಂದು ಸಲ ಎತ್ತಿದ್ದಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸಬಲ್ಲದು. ಆಸ್ತಿಪಾಸ್ತಿಗೂ ಸಹಿಗೂ ಅದು ಒದಗೀತು. ತಣ್ಣನೆಯ ಗೋಡೆಯ ಅರ್ಥ ತಿಳಿದವರನ್ನು ನೇಮಿಸಲು ಯಾವ ಸಮಿತಿಗೆ ಸಾಧ್ಯ? ಎಳೆಯ ವೈದ್ಯೆಯದು ಗುತ್ತಿಗೆಯ ನೌಕರಿ. ಮಾರ್ಚಿ ತಿಂಗಳಿಗೆ ಅವಧಿ ಮುಗಿಯುತ್ತದಂತೆ. ಚಿಕ್ಕಮ್ಮ ಆ ಹಾಳೆಯ ನಾಲ್ಕು ಜೆರಾಕ್ಸ್ ಪ್ರತಿಗಳನ್ನು ತೆಗೆಸಿ, ಒಂದನ್ನು ಅಂಗಡಿಯ ಯಜಮಾನರಿಗೂ ಒಂದನ್ನು ಆಶಾ ಕಾರ್ಯಕರ್ತೆಗೂ ಕೊಟ್ಟಿದ್ದಾರೆ.